ಇಸವಿಯಿಲ್ಲದ ಕಲ್ಲು

ವಾರಾಂತ್ಯದಲ್ಲಿ ಮಧ್ಯಯುಗದ ಬಟ್ಟೆ ತೊಟ್ಟು, ಮೈದಾನದಲ್ಲಿ ಡೇರೆ ಹಾಕಿ, ಕತ್ತಿ ಬೀಸಿ, ಸೌದೆ ಒಲೆಯ ಮೇಲೆ ಗಂಜಿ ಕುದಿಸಿ ಸಂಜೆಯ ರೈಲಿಗೆ ಮನೆಗೆ ಮರಳುವ ಜನರ ಕೂಟವೊಂದಿದೆ. ನಾನು ಅದಕ್ಕೆ ಸೇರಿದ್ದು ಕತ್ತಿಗಾಗಿ ಅಲ್ಲ, ವಾದಕ್ಕಾಗಿ. ಅಲ್ಲಿ ಪ್ರತಿಯೊಬ್ಬರಿಗೂ ಆ ಕಾಲದ್ದೊಂದು ಹೆಸರು ಬೇಕು, ಗುರಾಣಿಯ ಮೇಲೆ ಒಂದು ಲಾಂಛನ ಬೇಕು. ಹೆಸರು ಹದಿನೇಳನೆಯ ಶತಮಾನಕ್ಕೆ ಮೊದಲೇ ಬಳಕೆಯಲ್ಲಿತ್ತೆಂದು ದಾಖಲೆ ಕೊಡಬೇಕು. ಲಾಂಛನ ಇನ್ನೊಬ್ಬರದರಂತೆ ಕಾಣಬಾರದು. ಇವನ್ನು ಪರೀಕ್ಷಿಸಿ ನೋಂದಾಯಿಸುವ ಸಮಿತಿಯಲ್ಲಿ ನಾನಿದ್ದೆ. ನಾನು ಬೆಳೆದ ಇಂಗ್ಲಿಷ್ ಊರು ಸಟನ್‌ನ ಪ್ರೌಢಶಾಲೆಯ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆಗೆ ಅದಕ್ಕಿಂತ ಹದವಾದ ಕೆಲಸ ಸಿಗುವುದು ಕಷ್ಟ.

ನನ್ನ ಪಾಲಿಗೆ ಬಂದಿದ್ದು ಇಂಗ್ಲಿಷ್ ಹೆಸರುಗಳು. ಚರ್ಚಿನ ಮದುವೆ ದಾಖಲೆ, ಉಯಿಲು, ತೆರಿಗೆ ಪಟ್ಟಿ, ಇವುಗಳಲ್ಲಿ ಮುಳುಗಿ ಏಳುತ್ತಿದ್ದೆ. ‘ತಾತ ಹೇಳಿದ್ದ’, ‘ಟೀವಿಯಲ್ಲಿ ಬಂದಿತ್ತು’ ಎನ್ನುತ್ತ ಬಂದವರನ್ನೆಲ್ಲ ಪುರಾವೆ ಕೇಳಿ ವಾಪಸು ಕಳಿಸುತ್ತಿದ್ದೆ. ಅವರಲ್ಲಿ ಒಬ್ಬರು ನಗರಸಭೆಯ ಫ್ಲ್ಯಾಟುಗಳ ಲಿಫ್ಟ್ ರಿಪೇರಿ ಮಾಡುವವರು, ನಮ್ಮ ಸಮಿತಿಯ ಸದಸ್ಯರೇ. ತಮ್ಮ ಹೆಸರಿಗೆ ಆಧಾರವಾಗಿ ಅವರು ತಂದಿದ್ದು ಒಂದು ಸಮಾಧಿ ಕಲ್ಲಿನ ಫೋಟೋ. ಇಸವಿಯಿದ್ದ ಮೂಲೆ ಒಡೆದುಹೋಗಿತ್ತು. ಕೆತ್ತನೆ ನೋಡಿದರೆ ಹಳೆಯದೇ ಅಂತ ಗೊತ್ತಾಗುತ್ತದೆ ಎಂದು ಅವರ ವಾದ. ಗೊತ್ತಾಗುವುದು ಬೇರೆ, ತೋರಿಸುವುದು ಬೇರೆ ಎಂದು ನನ್ನ ವಾದ. ಬಸ್ ಸ್ಟಾಪಿನವರೆಗೂ ಬೈಯುತ್ತ ಬಂದರು. ಮುಂದಿನ ಸಭೆಗೆ ಅದೇ ಹೆಸರಿನವನ ಉಯಿಲೊಂದನ್ನು ಇಸವಿ ಸಮೇತ ತಂದು ನನ್ನ ಮುಂದೆ ಇಟ್ಟರು. ನಾನು ಎದ್ದು ನಿಂತು ಕೈ ಕುಲುಕಿದೆ. ಆ ಕೂಟದಲ್ಲಿ ನಾನು ಅತ್ಯಂತ ಸುಖವಾಗಿದ್ದ ದಿನ ಅದು.

ಆಮೇಲೆ ನನ್ನ ಸರದಿ. ಅಮ್ಮನ ಹತ್ತಿರವಿದ್ದ ಹಳೆಯ ಶಾಸನಸಂಪುಟದಲ್ಲಿ, ಧಾರವಾಡದ ಆಚೆ ಎಲ್ಲೋ ಸಿಕ್ಕ ಒಂದು ವೀರಗಲ್ಲಿನ ಪಾಠ ಓದಿದೆ. ದನ ಬಿಡಿಸಲು ಹೋಗಿ ಸತ್ತವನಿಗೆ ತಂಗಿ ನಿಲ್ಲಿಸಿದ ಕಲ್ಲು. ತಂಗಿಯ ಹೆಸರು ನನಗೆ ಹಿಡಿಸಿತು. ಕಲ್ಲಿನಲ್ಲಿ ಇಸವಿ ಇರಲಿಲ್ಲ. ಅಕ್ಷರದ ರೂಪ ನೋಡಿ ಹದಿನಾರನೆಯ ಶತಮಾನ ಇರಬಹುದು, ತುಸು ಈಚಿನದೂ ಆಗಬಹುದು ಎಂದು ಸಂಪಾದಕರು ಬರೆದಿದ್ದರು. ಆ ‘ಆಗಬಹುದು’ ಎಂಬಲ್ಲೇ ನನ್ನನ್ನು ಹಿಡಿಯುತ್ತಾರೆಂದು ಗೊತ್ತಿತ್ತು. ಉತ್ತರ ಕಟ್ಟಲು ವಾರಗಟ್ಟಲೆ ಕೂತೆ. ಅಡುಗೆಮನೆಯ ಮೇಜಿನ ತುಂಬ ಪುಸ್ತಕ ಹರಡಿದ್ದನ್ನು ನೋಡಿ ಅಮ್ಮ, “ಜಗಳಾಡ್ಲಿಕ್ಕೆ ಜೀವಂತ ಮಂದಿ ಸಾಲವಲ್ರೇನು ನಿನಗ? ಸತ್ತವರನ್ನೂ ಎಬ್ಬಿಸ್ಲಿಕ್ಕತ್ತಿ” ಅಂದಳು. ಲಾಂಛನಕ್ಕೆ ಕೆಂಪು ನೆಲದ ಮೇಲೆ ಬಿಳಿ ಎತ್ತು ಬರೆದೆ. ಅಂಥದೇ ಎತ್ತು ಇನ್ನೊಬ್ಬರ ಗುರಾಣಿಯ ಮೇಲಿತ್ತು. ಅದಕ್ಕೂ ಉತ್ತರ ಸಿದ್ಧವಿತ್ತು.

ಸಭೆ ಚರ್ಚಿನ ಹಾಲ್‌ನಲ್ಲಿ. ಅಧ್ಯಕ್ಷೆ ನಿವೃತ್ತ ಶಾಲಾ ಶಿಕ್ಷಕಿ, ಬಹಳ ಒಳ್ಳೆಯ ಹೆಂಗಸು. ನನ್ನ ದೂರು ಇರುವುದೇ ಆ ಒಳ್ಳೆಯತನದ ಮೇಲೆ. ಹೆಸರನ್ನು ಓದಿ, ಎಷ್ಟು ಚೆಂದ ಎಂದು ಕಣ್ಣು ಅರಳಿಸಿದರು. ನನ್ನ ಎತ್ತಿಗೆ ಡುಬ್ಬವಿದೆಯಲ್ಲ, ವ್ಯತ್ಯಾಸಕ್ಕೆ ಅಷ್ಟು ಸಾಕು ಎಂದರು. ಬೇರೆ ಯಾರೂ ಎತ್ತದ ಆಕ್ಷೇಪವನ್ನು ನಾನೇ ಎತ್ತಿ, ದೂರದಿಂದ ಡುಬ್ಬ ಕಾಣುವುದಿಲ್ಲ ಎಂದೆ. ನಕ್ಕರು. ಕಲ್ಲಿಗೆ ಇಸವಿ ಇಲ್ಲ ಎಂದೆ.

“ಡಿಯರ್, ಇದು ನಿನ್ನ ಸಂಸ್ಕೃತಿ. ಪ್ರಶ್ನೆ ಮಾಡೋಕೆ ನಾವ್ಯಾರು?”

ಸಮಿತಿ, ಎಂದೆ. ಪ್ರಶ್ನೆ ಮಾಡಲೆಂದೇ ಇಲ್ಲಿ ಕೂತಿದ್ದೇವೆ. ಕಲ್ಲು ನಿಲ್ಲಿಸಿದ ಆ ತಂಗಿ ನನ್ನ ಅಜ್ಜಿಯಲ್ಲ, ಆ ಊರಿಗೆ ನಾನು ಕಾಲಿಟ್ಟಿಲ್ಲ, ಹುಟ್ಟಿದ್ದು ಇಲ್ಲಿಯ ಆಸ್ಪತ್ರೆಯಲ್ಲಿ. ಲಿಫ್ಟ್‌ನವರು ಚಹಾದ ಲೋಟದೊಳಗೆ ನೋಡುತ್ತಿದ್ದರು. ಅವರ ಕಡೆಗೇ ತಿರುಗಿದೆ. “ನೀವು ಹೇಳಿ. ಇದನ್ನ ನೀವು ತಂದಿದ್ದರೆ ನಾನೇನು ಮಾಡ್ತಿದ್ದೆ?”

“ನೀನು ವಾಪಸು ಕಳಿಸ್ತಿದ್ದೆ.”

“ಮತ್ತೆ?”

“ನಿನ್ನದು ತಪ್ಪು ಅಂತ ಈ ಕೋಣೇಲಿ ಹೇಳೋ ಬಿಳಿಯ ನಾನಾಗೋದು ಬೇಡ. ನಾಳೆ ಯಾರು ಏನಂತಾರೋ. ನನ್ನ ಬಿಟ್ಟುಬಿಡು.”

ನನ್ನ ಹೆಸರಿನ ವಿರುದ್ಧ ಎದ್ದಿದ್ದು ಒಂದೇ ಕೈ, ನನ್ನದು. ಹೆಸರು, ಎತ್ತು ಎರಡೂ ನೋಂದಣಿಯಾದವು. ಚಪ್ಪಾಳೆ ಬೇರೆ. ನಾನು ಸೋತ ಚರ್ಚೆಗಳು ಬೇಕಾದಷ್ಟಿವೆ. ಎದುರಾಳಿಯೇ ಬಾರದ ಚರ್ಚೆ ಇದೊಂದೇ.

ಮನೆಯಲ್ಲಿ ಅಮ್ಮ, “ಸಿಕ್ತಲ್ಲ, ಮತ್ಯಾಕ ಮಾರಿ ಗಂಟು ಹಾಕ್ಕೊಂಡು ಕೂತಿ?” ಎಂದು ಕೇಳಿದಳು. ಯಾರೂ ವಾದಾನೇ ಮಾಡಲಿಲ್ಲ ಎಂದೆ. “ಮನ್ಯಾಗ ನಾವು ಮಾಡ್ತೀವಲ್ಲ, ಸಾಲದೇನು?”

ಅಷ್ಟಕ್ಕೇ ಮುಗಿಯಲಿಲ್ಲ. ಕೆಲವು ದಿನಗಳ ನಂತರ ಅಧ್ಯಕ್ಷೆಯ ಮೇಲ್ ಬಂತು. ಇನ್ನು ಮುಂದೆ ಪೂರ್ವದೇಶಗಳ ಹೆಸರೆಲ್ಲ ನನ್ನ ಹೊಣೆ, ನನ್ನ ತೀರ್ಮಾನವೇ ಕೊನೆಯದು. ಅದಕ್ಕೆ ಸಮಯ ಸಿಗಲೆಂದು ಇಂಗ್ಲಿಷ್ ಹೆಸರುಗಳನ್ನು ಬೇರೊಬ್ಬರಿಗೆ ಕೊಟ್ಟಿದ್ದರು. ಉಯಿಲು, ತೆರಿಗೆ ಪಟ್ಟಿ, ಬಸ್ ಸ್ಟಾಪಿನ ಬೈಗುಳ, ನಾನು ನಿಜಕ್ಕೂ ಬಲ್ಲ ಕೆಲಸವೆಲ್ಲ ಒಂದೇ ಸಾಲಿನಲ್ಲಿ ಹೋಯಿತು. ಇಂಗ್ಲಿಷ್ ಹೆಸರುಗಳನ್ನು ಬಿಡಲಾರೆ ಎಂದು ಬರೆದೆ. ಅವನ್ನು ಯಾರು ಬೇಕಾದರೂ ನೋಡಬಹುದು, ಇದನ್ನು ನೀನು ಮಾತ್ರ ಎಂದು ಉತ್ತರ ಬಂತು. ಮೊದಲು ಬಂದ ಅರ್ಜಿ ಒಂದು ಪರ್ಷಿಯನ್ ಭಾಷೆಯ ಹೆಸರು, ಪಕ್ಕದ ಊರು ಕ್ರಾಯ್ಡನ್ನಿನ ದಂತವೈದ್ಯರೊಬ್ಬರದು. ನನಗೆ ಆ ಭಾಷೆಯ ಒಂದಕ್ಷರವೂ ಬಾರದು ಎಂದು ಬರೆದೆ. ನಿನಗೆ ಸರಿ ಅನ್ನಿಸಿದಂತೆ ಮಾಡು ಎಂದರು.

ಸರಿ, ಮಾಡಿದೆ. ದಂತವೈದ್ಯರಿಗೆ ಆ ಭಾಷೆ ಬಲ್ಲ ಒಬ್ಬ ಅಧ್ಯಾಪಕರ ದಾರಿ ತೋರಿಸಿದೆ. ಆಮೇಲೆ ಪೂರ್ವದೇಶಗಳ ಅಧಿಕಾರಿಯಾಗಿ ನನ್ನದೇ ಅರ್ಜಿಯನ್ನು ಮತ್ತೆ ತೆರೆದು, ಕಲ್ಲಿಗೆ ಇಸವಿಯಿಲ್ಲ, ಎತ್ತು ಇನ್ನೊಬ್ಬರದು, ಪುರಾವೆ ಸಾಲದು ಎಂದು ಬರೆದು ನೋಂದಣಿ ರದ್ದು ಮಾಡಿದೆ. ಯಾಕೆಂದು ಒಬ್ಬರಾದರೂ ಕೇಳುತ್ತಾರೆ, ಆ ಲಿಫ್ಟ್‌ನವರಾದರೂ ತಡೆಯುತ್ತಾರೆ ಎಂದುಕೊಂಡಿದ್ದೆ. ಕೇಳಿದ್ದರೆ ಆ ಹೆಸರಿನ ಪರವಾಗಿ ಗಂಟೆಗಟ್ಟಲೆ ಮಾತಾಡುತ್ತಿದ್ದೆ.

ಅಧ್ಯಕ್ಷೆಯ ಉತ್ತರ ಬೇಗನೆ ಬಂತು. “ನೀನು ಹೇಳಿದ ಮೇಲೆ ಮುಗೀತು, ಡಿಯರ್. ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”