ನನ್ನ ಮೂಗಿನ ಮೇಲಿನ ಮೊಡವೆ

ನಿವೃತ್ತನಾದ ಮೇಲೆ ನನ್ನ ಮೂಗಿನ ತುದಿಗೆ ಮೊಡವೆ ಎದ್ದಿತು ನೋಡ್ರಿ. ಹರೆಯ ತಿರುಗಿ ಬಂತೆಂದು ನನಗೆ ಖುಷಿಯೋ ಖುಷಿ. ಹೆಂಡತಿ ಬಿಡಲಿಲ್ಲ, ಭಾಲ್ಕಿಯಿಂದ ಬೀದರಿನ ಚರ್ಮದ ಡಾಕ್ಟರ ಹತ್ತಿರ ಎಳೆದುಕೊಂಡೇ ಬಂದಳು.

ಎದುರು ಬೆಂಚಿನಲ್ಲಿ ಔರಾದ ಕಡೆಯ ತಾಯಿಯೊಬ್ಬಳು, ಪಕ್ಕದಲ್ಲಿ ಕೆನ್ನೆ ತುಂಬ ಮೊಡವೆಯ ಮಗಳು. ತಾಯಿ ನನ್ನನ್ನೇ ಪಂಚನನ್ನಾಗಿ ಮಾಡಿದಳು:

"ಕಾಲೇಜಿಗಿ ಹೋಗೋ ಪೋರಿಗಿ ಇಷ್ಟು ಮೊಡವಿ ಯಾಕ ಏಳ್ತಾವ್ರಿ ಕಾಕಾ? ಮನಸ್ಸಿನಾಗ ಯಾರೋ ಹೊಕ್ಕಾರ! ಡಾಕ್ಟರು ಹೂಂ ಅಂದ್ರ ನಾಳಿಂದ ಕಾಲೇಜು ಬಂದ್."

ಹುಡುಗಿ ಅಳು ನುಂಗಿ ನನ್ನ ಮೂಗಿನತ್ತ ಬೆರಳು ತೋರಿಸಿದಳು. "ಹಂಗಾರ ಈ ಅಜ್ಜಾರ ಮನಸ್ಸಿನಾಗ ಯಾರು ಹೊಕ್ಕಾರ ಕೇಳವ್ವಾ!"

ಕೂತವರೆಲ್ಲ ಗೊಳ್ಳೆಂದರು. ನಗು ಕೇಳಿ ಡಾಕ್ಟರಮ್ಮನೇ ಬಾಗಿಲಿಗೆ ಬಂದರು. "ಚರ್ಮದ ಜಿಡ್ಡು ಒಳಗ ಕಟ್ಟಿಕೊಂಡ್ರ ಯಾವ ವಯಸ್ಸಿನಾಗರೆ ಮೊಡವಿ ಬರ್ತಾವ. ಮನಸ್ಸಿಗೇನು ಸಂಬಂಧ ಇಲ್ಲವ್ವ."

ತಾಯಿ ನನ್ನ ಮೂಗನ್ನು ಇನ್ನೊಮ್ಮೆ ದಿಟ್ಟಿಸಿ ಸೋತಳು. "ಆಯ್ತು, ನಾಳಿ ಕಾಲೇಜಿಗಿ ಹೋಗು."

ಒಂದು ಹುಡುಗಿಯ ಓದು ಉಳಿಸಿದ ಮೂಗು ನನ್ನದೆಂದು ಬೀಗುತ್ತ ಬಸ್ ಹತ್ತಿದೆ. ದಾರಿಯಲ್ಲಿ ಹಲಬರ್ಗಾ ಊರು ದಾಟುವತನಕ ಹೆಂಡತಿ ನನ್ನ ಮೂಗನ್ನೇ ಓರೆಗಣ್ಣಿನಿಂದ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಡಾಕ್ಟರು ಹೇಳಿದ್ದು ಖರೇನೇ ಇರಬಹುದು. ಆದ್ರೂ, ಯಾರ್ರೀ ಆಕಿ?"