ಹುಲಗಪ್ಪನ ನಾಲಗೆ ಮತ್ತು ಕುಂಬಳಕಾಯಿ ಬೀರು

ದೇವಾಪುರದಲ್ಲಿ ಮದುವೆಯಾಗಲಿ, ತೊಟ್ಟಿಲಾಗಲಿ, ಹುಲಗಪ್ಪ ಒಂದು ತುತ್ತು ರುಚಿ ನೋಡಿ ‘ಹ್ಞೂಂ’ ಅನ್ನದೆ ಪಂಕ್ತಿಗೆ ಎಲೆ ಬೀಳುತ್ತಿರಲಿಲ್ಲ. ಹೊಲದಲ್ಲಿ ಅವನು ಕಡಿದು ಕಟ್ಟೆ ಹಾಕಿದ್ದು ಅಷ್ಟಕ್ಕಷ್ಟೇ. ಸಾರಿನ ಮುಂದೆ ನಿಂತರೆ ಮಾತ್ರ ತಹಶೀಲ್ದಾರನ ಗತ್ತು. ಅಡುಗೆಯವರು ಸೌಟು ಹಿಡಿದು ಅವನ ಹುಬ್ಬನ್ನೇ ನೋಡುತ್ತ ನಿಲ್ಲುತ್ತಿದ್ದರು. ಊರಿನಲ್ಲಿ ಅವನಿಗಿದ್ದ ಮರ್ಯಾದೆಯೆಲ್ಲ ಆ ನಾಲಗೆಯದು.

ಆ ನಾಲಗೆ ಸತ್ತು ಬಹಳ ದಿನವಾಗಿತ್ತು. ಯಾವುದೋ ಜ್ವರ ಬಂತು, ಹೋಗುವಾಗ ರುಚಿಯನ್ನೂ ಗಂಟು ಕಟ್ಟಿಕೊಂಡು ಹೋಯಿತು. ಈಗ ಬೆಲ್ಲವೂ ಅಷ್ಟೇ, ಬೇವೂ ಅಷ್ಟೇ. ಇದು ಗೊತ್ತಿದ್ದದ್ದು ಹೆಂಡತಿ ಮುದುಕಮ್ಮನಿಗೆ ಮಾತ್ರ. ಪಾಪ, ಅವಳೇ ಒಂದು ಉಪಾಯ ಹುಡುಕಿದ್ದಳು. ಒಲೆಯ ಹತ್ತಿರ ಮೊದಲು ತಾನು ರುಚಿ ನೋಡಿ, ಬಂದು ಅವನ ಎದುರಿಗೆ ನಿಲ್ಲುವಳು. ಬಳೆ ಸದ್ದು ಮಾಡಿದರೆ ಉಪ್ಪು ಕಡಿಮೆ, ಸೆರಗು ಎಳೆದುಕೊಂಡರೆ ಖಾರ ಹೆಚ್ಚು, ಸುಮ್ಮನಿದ್ದರೆ ಎಲ್ಲ ಸರಿ. ಗಂಡ ಹೆಂಡತಿ ಒಂದು ಗಳಿಗೆಯೂ ಬಿಟ್ಟಿರುವುದಿಲ್ಲವಲ್ಲ ಎಂದು ಊರ ಹೆಂಗಸರು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಈ ಸಲದ ಎಳ್ಳಮಾವಾಸ್ಯೆಗೆ ಬೀಗರು ಹೊಲಕ್ಕೆ ಬಂದರು. ಬೆಳೆಗೆ ಚರಗದ ಎಡೆ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡ ಮೇಲೆ ಗಂಡಸರು ಬೇವಿನ ನೆರಳಿಗೆ ಸರಿದರು. ಹೈದರಾಬಾದಿನ ಹೋಟೆಲಿನಲ್ಲಿ ಕೆಲಸ ಮಾಡುವ ಅಳಿಯ ತಿರುಪತಿ ಚೀಲದಿಂದ ಬಾಟಲಿ ತೆಗೆದ.

“ಮಾವಾರ, ಇದು ಕುಂಬಳಕಾಯಿ ಬೀರ್ ರಿ. ಈ ಸೀಜನ್ನಿಗಷ್ಟ ಮಾಡ್ತಾರ. ಹೆಂಗೈತಿ, ನೀವ ಹೇಳ್ರಿ.”

“ಕುಂಬಳಕಾಯಿ ಪಲ್ಯ ಮಾಡೂದು ಬಿಟ್ಟು ಇದೇನ್ ಹಚ್ಯಾರಪಾ,” ಎಂದ ತಿರುಪತಿಯ ಅಪ್ಪ ಬಸವ. ರಂಗಂಪೇಟೆಯಲ್ಲಿ ಅವನ ಕಿರಿಯ ಮಗಳ ಮದುವೆ ಹತ್ತಿರ ಬಂದಿತ್ತು. ಅಡುಗೆ ನೋಡಲು ಬೀಗನನ್ನೇ ಕರೆಯಬೇಕೋ ಬೇಡವೋ ಎಂದು ಅವನಿನ್ನೂ ಬಾಯಿ ಬಿಟ್ಟಿರಲಿಲ್ಲ. ಆ ಕರೆಗಾಗಿ ಹುಲಗಪ್ಪ ಬಾಯಿ ಬಾಯಿ ಬಿಡುತ್ತಿದ್ದ.

ಹುಲಗಪ್ಪ ಲೋಟಕ್ಕೆ ಬಗ್ಗಿಸಿಕೊಂಡು ಒಂದು ಗುಟುಕು ಕುಡಿದ. ಮೂಗಿನಲ್ಲಿ ಚುರ್ ಎಂದಿತು, ಅಷ್ಟೇ. ಎಲ್ಲರ ಕಣ್ಣು ಅವನ ಹುಬ್ಬಿನ ಮೇಲೆ. ಅಷ್ಟರಲ್ಲಿ ಮುದುಕಮ್ಮ ನೀರಿನ ಕೊಡ ಹೊತ್ತು ತಂದಳು. ಇಳಿಸುವಾಗ ಕೈಬಳೆ ಝಲ್ಲೆಂದವು. ಅವಳು ಬೀರಿನ ಹತ್ತಿರವೂ ಸುಳಿದಿಲ್ಲ ಎಂಬುದನ್ನೇ ಮಹಾನುಭಾವ ಮರೆತುಬಿಟ್ಟ.

“ಉಪ್ಪ ಕಮ್ಮಿ ಆಗೈತಿ,” ಎಂದ.

“ಬೀರಿಗೆ ಉಪ್ಪ ಯಾರ ಹಾಕ್ತಾರ್ರಿ ಮಾವಾರ?” ತಿರುಪತಿಗೆ ನಗು ತಡೆಯಲಾಗಲಿಲ್ಲ.

ಬಸವ ಕುಚೋದ್ಯಕ್ಕೆ ಊಟದ ಉಪ್ಪಿನ ಬಟ್ಟಲು ತಂದು ಒಂದು ಚಿಟಿಕೆ ಲೋಟಕ್ಕೆ ಉದುರಿಸಿಯೇ ಬಿಟ್ಟ. ನೊರೆ ಬುಸ್ಸೆಂದು ಉಕ್ಕಿ ಹುಲಗಪ್ಪನ ಹೊಸ ಧೋತರ ತೋಯಿಸಿತು.

“ಬೀಗರ ನಾಲಗಿ ಕೆಟ್ಟೈತೇನಪಾ,” ಎಂದ ಬಸವ.

ಹುಲಗಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಡೆದದ್ದು ಏನೆಂದು ತಿಳಿಯಲು ಮುದುಕಮ್ಮನಿಗೆ ಹೊತ್ತು ಹಿಡಿಯಲಿಲ್ಲ. ಹುಟ್ಟಿದಾಗಿನಿಂದ ಹೆಂಡದ ವಾಸನೆ ಬಂದರೆ ಸೆರಗು ಮೂಗಿಗೆ ಹಿಡಿಯುತ್ತಿದ್ದವಳು, ಬೀಗನ ಎದುರಿಗೆ, ಅಳಿಯನ ಎದುರಿಗೆ, ಆ ಲೋಟ ಎತ್ತಿ ಗಟಗಟ ಕುಡಿದು ಕೆಳಗಿಟ್ಟಳು.

“ಈಗ ಬರೋಬ್ಬರಿ ಆತ್ ನೋಡ್ರಿ,” ಎಂದಳು. “ಉಪ್ಪಿಲ್ಲಂದ್ರ ಇದು ಬರೇ ಸಪ್ಪಗ.”

ಉಪ್ಪಿಲ್ಲದ ಬೀರನ್ನು ನೀ ಯಾವಾಗ ಕುಡಿದಿದ್ದೆಯವ್ವ ಎಂದು ಒಬ್ಬನಾದರೂ ಕೇಳಿದನೆ? ಹೆಣ್ಣುಮಗಳು ಧೈರ್ಯವಾಗಿ ಕುಡಿದ ಮೇಲೆ ಗಂಡಸರಿಗೆ ಹಿಂದೆ ಸರಿಯಲು ಬರುತ್ತದೆಯೆ? ಉಪ್ಪಿನ ಬಟ್ಟಲು ಕೈಯಿಂದ ಕೈಗೆ ಹೋಯಿತು. ಬಸವ ಮೀಸೆಯ ನೊರೆ ಒರೆಸಿಕೊಳ್ಳುತ್ತ, “ಹೌದ್ ನೋಡ್, ಈಗ ಕುಂಬಳಕಾಯಿ ಬಾಯಿಗೆ ಹತ್ತತೈತಿ,” ಎಂದ. ತಿರುಪತಿ ಇದನ್ನು ಹೋಟೆಲಿನ ಸಾಹೇಬರಿಗೆ ಹೇಳುತ್ತೇನೆ ಎಂದ. ಏಳುವ ಮೊದಲೇ ಬಸವ ಮದುವೆಯ ಅಡುಗೆಯನ್ನು ಬೀಗನ ಕೈಗೆ ಒಪ್ಪಿಸಿಯಾಗಿತ್ತು.

ಊರಿಗೆ ಹಿಂದಿರುಗುವಾಗ ಹುಲಗಪ್ಪ ಬದುವಿನ ಮೇಲೆ ನಿಂತ. ಹೆಂಡತಿಯ ಮುಖ ನೋಡಲು ಅವನಿಗೆ ನಾಚಿಕೆಯಾಗಿತ್ತು.

“ಖರೇ ಹೇಳು, ಹೆಂಗಿತ್ತದು?”

ಮುದುಕಮ್ಮ ಇನ್ನೊಮ್ಮೆ ಬಾಯಿ ಮುಕ್ಕಳಿಸಿ ಉಗುಳಿದಳು.

“ಆ ಜ್ವರ ನನಗರೆ ಬರಬಾರದಿತ್ತೇನ್ರಿ,” ಎಂದಳು.