ಬಾಯಾರ ಬಲಗಾಲ ಹೆಬ್ಬೆರಳು

ಅವರ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಸಂಸಾರದಿಂದ ಹಿಸ್ಸೆ ಪಡೆದು ಬೇರೆ ಮನೆ ಹೂಡಿದಂತಿತ್ತು. ಅಗಲವಾದದ್ದು, ತುದಿಯಲ್ಲಿ ತುಸು ಚಪ್ಪಟೆ. ನಾಟಕ ಕಂಪನಿ ಬೀಡುಬಿಟ್ಟ ಯಾವುದೋ ಮೊಕ್ಕಾಮಿನಲ್ಲಿ ಪರದೆಯ ಗಳ ಬಿದ್ದು ಉಗುರಿನ ನಡುವೆ ಮೂಡಿದ ಕಪ್ಪು ಗೆರೆ ಕೊನೆಯತನಕ ಮಾಸಲಿಲ್ಲ. ನಾಡಿನ ಜನಕ್ಕೆಲ್ಲ ಅವರ ಮುಖ ಗೊತ್ತು. ಸಿನಿಮಾ ಪರದೆಯ ತುಂಬ ಆ ಮುಖ ಅತ್ತಿದೆ, ಆ ಮುಖದ ಸಂಗಡ ಊರೂರೇ ಅತ್ತಿವೆ. ನನಗೆ ಗೊತ್ತಿದ್ದದ್ದು ಮಾತ್ರ ಈ ಹೆಬ್ಬೆರಳು.

ಇದಕ್ಕೆ ಕಾರಣ ನನ್ನ ಉದ್ಯೋಗ. ನಾನು ನಾಟಕ ಕಂಪನಿಯಲ್ಲಿ ಪ್ರಾಂಪ್ಟರ್ ಆಗಿದ್ದೆ. ನಟರು ಮಾತು ಮರೆತಾಗ ಪಕ್ಕದ ಪರದೆಯ ಮರೆಯಿಂದ ಮೆಲ್ಲಗೆ ಎತ್ತಿಕೊಡುವವನು. ಯಾರಿಗೂ ಕೇಳಿಸದಂತೆ ಮಾತಾಡಿ ಲೋಕವನ್ನು ನಡೆಸುವವರು ಇಬ್ಬರೇ, ಒಬ್ಬ ದೇವರು, ಇನ್ನೊಬ್ಬ ಪ್ರಾಂಪ್ಟರ್. ದೇವರಿಗೆ ನೈವೇದ್ಯವಾದರೂ ಉಂಟು. ನಮಗೆ ಒಂದು ಗಿಡ್ಡ ಸ್ಟೂಲು, ಮಂಕು ದೀಪ, ತೊಡೆಯ ಮೇಲೆ ನಾಟಕದ ಪ್ರತಿ. ಅದರಿಂದ ಕಣ್ಣು ಎತ್ತಿದರೆ ಸಾಲು ತಪ್ಪುತ್ತದೆ. ತಗ್ಗಿಸಿದ ಕಣ್ಣಿನ ಅಂಚಿಗೆ ಸಿಗುವುದು ರಂಗದ ಹಲಗೆ, ಹಲಗೆಯ ಮೇಲಿನ ಪಾದ, ಅಷ್ಟೇ.

ಕಂಪನಿಯಲ್ಲಿ ಎಲ್ಲರೂ ಅವರನ್ನು ‘ಬಾಯಾರು’ ಎನ್ನುತ್ತಿದ್ದರು. ನಮ್ಮ ಕಡೆ ಹಾಡುವ, ನಟಿಸುವ ಹೆಣ್ಣುಮಗಳಿಗೆ ‘ಬಾಯಿ’ ಎಂಬುದು ಗೌರವದ ಮಾತು. ಬೆಂಗಳೂರಿನವರಿಗೆ ಅದು ಬರೀ ಊಟ ಹೋಗುವ ದಾರಿ. ಸವಣೂರಿನಲ್ಲಿ ಎಲೆಬಳ್ಳಿ ತೋಟದ ವೀಳ್ಯದೆಲೆಗಳನ್ನು ಬುಟ್ಟಿಯಲ್ಲಿ ಹೊತ್ತು ಓಣಿ ಓಣಿ ಮಾರುತ್ತಿದ್ದ ಮನುಷ್ಯನ ಮಗಳು ಅವರು. ಅಪ್ಪನ ಹಿಂದೆ ಕೂಗುತ್ತ ನಡೆದು ಪಳಗಿದ ದನಿ. ಪ್ರವೇಶಕ್ಕೆ ಮುಂಚೆ ಬಿಸ್ಮಿಲ್ಲಾ ಎಂದು ಹಲಗೆ ಮುಟ್ಟುತ್ತಿದ್ದರು, ಆಮೇಲೆ ಹಣೆಯ ತುಂಬ ವಿಭೂತಿ ಧರಿಸಿದ, ಊರಗೌಡನ ಹೆಂಡತಿ ಗೌಡಶಾನಿಯಾಗಿ ಒಳಗೆ ಹೋಗುತ್ತಿದ್ದರು. ಇದರಲ್ಲಿ ವಿಶೇಷವಿದೆ ಎಂದು ಆ ಕಾಲದಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಾನು ಕಂಪನಿಗೆ ಸೇರಿದ್ದು ಹಿರೇಕೆರೂರಿನ ಮೊಕ್ಕಾಮಿನಲ್ಲಿ ನಡೆದ ಒಂದು ಅನಾಹುತದಿಂದ. ಅವರ ಹೆಸರುವಾಸಿ ನಾಟಕದ ಕೊನೆಯ ದೃಶ್ಯ ಕೋರ್ಟಿನದು. ಸ್ವಂತ ಮಗನ ಮೇಲೆ ಕೊಲೆಯ ಆರೋಪವಿದೆ, ನೋಡಿದ ಸಾಕ್ಷಿ ತಾಯಿ ಒಬ್ಬಳೇ. ನ್ಯಾಯಾಧೀಶ ಕೇಳುತ್ತಾನೆ, “ತಾಯೀ, ಕೊಂದವನು ಇವನೇನು?” ಕಟಕಟೆಯಲ್ಲಿ ನಿಂತ ಅವರು ಉಸಿರು ಬಿಡದೆ ಸುಮ್ಮನಾಗುತ್ತಿದ್ದರು. ಮಂದಿಗೆ ಎದೆ ಒಡೆಯುವುದೊಂದು ಬಾಕಿ ಎನ್ನುವಾಗ, “ಹೌದ್ರಿ. ಇವನ. ನನ್ನ ಮಗ” ಎನ್ನುತ್ತಿದ್ದರು. ಆ ಸುಮ್ಮನಿರುವಿಕೆಯನ್ನು ನೋಡಲೆಂದೇ ಜನ ಗಾಡಿ ಕಟ್ಟಿಕೊಂಡು ಬರುತ್ತಿದ್ದರು.

ಹಿರೇಕೆರೂರಿನಲ್ಲಿ ನನ್ನ ಹಿಂದಿನ ಪ್ರಾಂಪ್ಟರನಿಗೆ, ಬಾಯಾರು ಮಾತು ಮರೆತಿದ್ದಾರೆ ಎಂಬ ದಿವ್ಯಜ್ಞಾನ ಉಂಟಾಯಿತು. “ಹೌದು” ಎಂದು ಪಿಸುಗುಟ್ಟಿದ. ಅವರು ಅಲುಗಲಿಲ್ಲ. ತುಸು ಗಟ್ಟಿಯಾಗಿ “ಹೌದು” ಎಂದ. ಮತ್ತೂ ಗಟ್ಟಿಯಾಗಿ ಅಂದಾಗ ಮುಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ.

“ಏ ಯವ್ವಾ, ಒಳಗಿನವರು ಹೌದು ಹೌದು ಅಂತ ಬಡಕೊಳ್ಳಾಕತ್ತಾರಲ್ಲ! ಹೌದಂದು ಬಿಟ್ಟಬಿಡ, ನಮಗ ಬಸ್ ತಪ್ಪತೈತಿ!”

ಮಂದಿ ಬಿದ್ದು ಬಿದ್ದು ನಕ್ಕರು. ಆ ದಿನ ಮಗ ನಗೆಯ ನಡುವೆ ಗಲ್ಲಿಗೆ ಹೋದ. ಮರುದಿನ ಪ್ರಾಂಪ್ಟರ್ ‘ಪ್ರಕೃತಿ ಸರಿ ಇಲ್ಲ’ ಎಂದು ಮನೆಗೆ ಹೋದ. ಹಾನಗಲ್ಲಿನ ಅಕ್ಕಿ ಗಿರಣಿಯಲ್ಲಿ ಚೀಲಗಳ ಮೇಲೆ ಹೆಸರು ಬರೆಯುತ್ತಿದ್ದ ನನ್ನನ್ನು ಕಂಪನಿಯ ಮಾಲಕರು ಕರೆತಂದರು. ಓದು ಬರುತ್ತದೆ, ದನಿ ಸಣ್ಣದು. ಈ ಎರಡು ಅರ್ಹತೆಗಳ ಮೇಲೆ ನಾನು ಕಲಾಲೋಕವನ್ನು ಪ್ರವೇಶಿಸಿದೆ.

ಮೊದಲ ದಿನ ಬಾಯಾರು ಸವಣೂರಿನ ಕುರುಕಲು ಖಾರದ ಪೊಟ್ಟಣ ಬಿಚ್ಚಿ ಮುಂದಿಟ್ಟುಕೊಂಡು ಕೂತಿದ್ದರು. ಖಾರ ತಿಂದರೆ ಗಂಟಲು ಕೆಡುತ್ತದೆ ಎಂದು ಜಗತ್ತು ಹೇಳುತ್ತದೆ. ಖಾರ ತಿನ್ನದ ಗಂಟಲು ಸರಕಾರಿ ನಲ್ಲಿ ಇದ್ದಂಗ, ಬಂದಾಗ ಬಂತು ಎಂಬುದು ಅವರ ವಾದ.

“ತಮ್ಮಾ, ಮರಿಯೂದು ಬ್ಯಾರೆ, ಸುಮ್ಮನಿರೂದು ಬ್ಯಾರೆ. ಇದು ತಿಳೀಲಿಲ್ಲಂದ್ರ ನೀನೂ ಊರಿಗೆ ಹೋಗತಿ.”

“ಎರಡೂ ಒಂದ ನಮೂನಿ ಕಾಣತಾವಲ್ರಿ ಬಾಯಾರ. ಹ್ಯಾಂಗ ತಿಳಕೋಬೇಕ್ರಿ?”

“ಮಾರಿ ನೋಡಬ್ಯಾಡ, ಅದು ಮಂದಿಗೆ ಇಟ್ಟದ್ದು. ನನ್ನ ಕಾಲ ನೋಡು. ಹೆಬ್ಬಟ್ಟ ಎತ್ತಿದ್ರ ಮಾತ ಕೊಡು. ನೆಲಕ್ಕ ಒತ್ತಿ ಹಿಡದ್ರ ಬಾಯಿ ಮುಚ್ಚಿಕೊಂಡ ಕುಂದರು.”

ಅಂದಿನಿಂದ ನನ್ನ ಗುರು, ಗಡಿಯಾರ, ಪಂಚಾಂಗ ಎಲ್ಲ ಆ ಬೆರಳೇ ಆಯಿತು. ಎಂದೋ ಒಮ್ಮೆ ಅದು ಮೇಲೇಳುವುದು, ನಾನು ಶಬ್ದ ಎಸೆಯುವುದು, ಅವರು ಅದನ್ನು ತಮ್ಮದೇ ಎಂಬಂತೆ ಹಿಡಿಯುವುದು. ಹೆಚ್ಚಾಗಿ ಅದು ಹಲಗೆಯನ್ನು ಒತ್ತಿಯೇ ಇರುತ್ತಿತ್ತು. ಕೋರ್ಟಿನ ದೃಶ್ಯದಲ್ಲಂತೂ ಎಷ್ಟು ಬಲವಾಗಿ ಒತ್ತುತ್ತಿತ್ತೆಂದರೆ ಉಗುರು ಬೆಳ್ಳಗಾಗುತ್ತಿತ್ತು. ಆ ಬಿಳುಪು ಮತ್ತೆ ಕೆಂಪಾಗುವಾಗ “ಹೌದ್ರಿ” ಬರುತ್ತಿತ್ತು.

ಶಿಗ್ಗಾಂವದ ಮೊಕ್ಕಾಮಿನಲ್ಲಿ ಸಿನಿಮಾದವರು ಬಂದರು. ಬಂದರು ಎನ್ನುವುದಕ್ಕಿಂತ, ಹೆದ್ದಾರಿಯಲ್ಲಿ ಅವರ ಕಾರು ಕೆಟ್ಟಿತು ಎನ್ನುವುದು ನಿಜ. ರಿಪೇರಿ ಆಗುವತನಕ ಹೊತ್ತು ಕಳೆಯಲು ಸಂಜೆಯ ಆಟಕ್ಕೆ ಬಂದ ನಿರ್ದೇಶಕ, ಆಟ ಮುಗಿದ ಮೇಲೆ ಕಾರು ಮರೆತು ಬಾಯಾರ ಮುಂದೆ ಕೈಕಟ್ಟಿ ನಿಂತಿದ್ದ. ಹೀಗೆ ಕನ್ನಡ ಚಿತ್ರರಂಗಕ್ಕೆ ಒಬ್ಬ ಶ್ರೇಷ್ಠ ನಟಿ ದೊರೆತದ್ದು ಒಂದು ಕ್ಲಚ್‌ ಪ್ಲೇಟಿನ ಕೃಪೆಯಿಂದ.

ಮೊದಲ ಶೂಟಿಂಗಿಗೆ ನಾನೂ ಸಂಗಡ ಹೋಗಿದ್ದೆ. ಬಾಯಾರು ಒಂದೇ ಏಟಿಗೆ ಮಾತು ಹೇಳಿ ಮುಗಿಸಿದರು. ನಿರ್ದೇಶಕ, “ಒನ್ಸ್ ಮೋರ್” ಎಂದ. ನಾಟಕದಲ್ಲಿ ಅದಕ್ಕಿಂತ ದೊಡ್ಡ ಮಾನವಿಲ್ಲ. ಮಂದಿ ಮೆಚ್ಚಿ ಕೂಗಿದಾಗ ಇನ್ನೊಮ್ಮೆ ಹಾಡುವುದು ಪದ್ಧತಿ. ಬಾಯಾರು ಕೃತಾರ್ಥರಾಗಿ ಮುಂದೆ ಬಂದು ಕ್ಯಾಮರಾಕ್ಕೆ, ದೀಪ ಹಿಡಿದವರಿಗೆ, ಚಹಾ ತಂದವನಿಗೆ ಎಲ್ಲರಿಗೂ ಬಾಗಿ ನಮಸ್ಕಾರ ಮಾಡಿ ಇನ್ನೊಮ್ಮೆ ಹೇಳಿದರು. ಮತ್ತೆ “ಒನ್ಸ್ ಮೋರ್”. ಮತ್ತೆ ನಮಸ್ಕಾರ. ಸುಮಾರು ಹೊತ್ತಿನ ಮೇಲೆ, ಇಲ್ಲಿ ಹಾಗಂದರೆ ‘ಸರಿಯಾಗಲಿಲ್ಲ’ ಎಂದು ಅರ್ಥ ಅಂತ ಯಾರೋ ಕಿವಿಯಲ್ಲಿ ಹೇಳಿದರು.

ಬಾಯಾರು ನನ್ನ ಕಡೆ ತಿರುಗಿದರು. “ಹೊಗಳೂ ಮಾತನ್ನ ಬೈಯಾಕ ಇಟ್ಟಾರಲ್ಲೋ ತಮ್ಮಾ ಇವರು. ಇನ್ನ ಬೈಬೇಕಾದ್ರ ಹಾರ ಹಾಕ್ತಾರೇನ?”

ಹಾರಗಳೂ ಬಂದವು. ತಾಯಿ, ಅತ್ತೆ, ಅಜ್ಜಿ ಎಂದು ಪರದೆಯ ಮೇಲೆ ಅವರು ಬಾಳದ ಬಾಳಿಲ್ಲ. ಪ್ರಶಸ್ತಿಗಳಲ್ಲಿ ಭಾರವಾದದ್ದೊಂದು ಸವಣೂರಿನ ಮನೆಯಲ್ಲಿ ಗಾಳಿಗೆ ಬಾಗಿಲು ಬಡಿಯದಂತೆ ಕಾಯುತ್ತಿತ್ತು. ಆದರೂ ವರ್ಷಕ್ಕೊಂದು ಮೊಕ್ಕಾಮಿಗೆ ಕಂಪನಿಗೆ ಮರಳದೆ ಇರಲಿಲ್ಲ. ಯಾಕೆಂದು ಕೇಳಿದರೆ, “ಅಲ್ಲೆ ಬರೇ ಮಾರಿ ತಗೀತಾರೋ. ನನ್ನ ಕಾಲು ಏನ ಮಾಡಬೇಕು, ಮನ್ಯಾಗ ಇಟ್ಟು ಹೋಗಲೇನ?” ಎನ್ನುತ್ತಿದ್ದರು.

ಕೋರ್ಟಿನ ದೃಶ್ಯಕ್ಕೆ ಮಾತ್ರ ಅವರು ಒನ್ಸ್ ಮೋರ್ ಕೊಟ್ಟವರಲ್ಲ. ಮಂದಿ ಎಷ್ಟು ಕೂಗಿದರೂ, “ಎಷ್ಟ ಸರ್ತಿ ಮಗನ್ನ ಗಲ್ಲಿಗೆ ಹಾಕಲ್ರಿ? ನಿಮಗೂ ಮಕ್ಕಳದಾವ” ಎಂದು ಪರದೆ ಎಳೆಸುತ್ತಿದ್ದರು.

ಆಮೇಲೆ ಲಕ್ವಾ ಹೊಡೆಯಿತು. ಬಲಭಾಗವೆಲ್ಲ ಹೋಯಿತು. ಕೈ, ಕಾಲು, ಅರ್ಧ ಮುಖ. ಬಾಯಾರ ಬಾಯಿಯೇ ಓರೆಯಾಯಿತು. ನಾನು ನೋಡಲು ಹೋದಾಗ ಅವರ ಅಕ್ಕನ ಮಗಳು ಕಣ್ಣೊರೆಸಿಕೊಳ್ಳುತ್ತ, “ಒಂದ ಮಾತೂ ಬರವಲ್ದು ಕಾಕಾ” ಎಂದಳು. ಬಾಯಾರು ನನ್ನನ್ನು ನೋಡಿ ಏನೋ ಹೇಳಲು ಹೋದರು. ಬರೀ ಉಸಿರು ಬಂತು. ನಾನು ಕೆಟ್ಟ ರೂಢಿಯಂತೆ ಅವರ ಬಲಗಾಲು ನೋಡಿದೆ. ಬೆರಳು ಏಳಲಿಲ್ಲ, ಒತ್ತಲಿಲ್ಲ.

ಬೆಂಗಳೂರಿನಿಂದ ಒಬ್ಬ ನಿರ್ಮಾಪಕ ಹೂವಿನ ಗುಚ್ಛ ಕಳಿಸಿದ, ಅದರ ಹಿಂದೆ ಒಂದು ಪಾತ್ರವನ್ನೂ ಕಳಿಸಿದ. ಹಾಸಿಗೆ ಹಿಡಿದ ಮುದುಕಿ, ಮಾತಿಲ್ಲ. ಅದನ್ನು ಕೇಳಿದ ಬಾಯಾರ ಮುಖ ಕೆಂಪಾಯಿತು, ಗಂಟಲಲ್ಲಿ ಏನೋ ಹೊರಳಿತು, ತಿಂಗಳುಗಳ ಮೌನವನ್ನು ಮುರಿದು ಒಂದು ಬೈಗುಳ ಹೊರಬಿತ್ತು. ಸ್ಪಷ್ಟವಾಗಿತ್ತು, ಪೂರ್ಣವಾಗಿತ್ತು, ಇಲ್ಲಿ ಬರೆಯುವಂಥದ್ದಾಗಿರಲಿಲ್ಲ. ಸರಸ್ವತಿ ಯಾವ ರೂಪದಲ್ಲಿ ಬಂದರೂ ಸ್ವಾಗತಿಸಬೇಕು. ನಾವು ಸ್ವಾಗತಿಸಿದೆವು.

ಬೈಗುಳದ ಬೆನ್ನು ಹಿಡಿದು ಅವರು ಉಳಿದ ಮಾತುಗಳನ್ನು ಎಳೆದು ತಂದರು. ಬೆಳಿಗ್ಗೆ ಎದ್ದು ಹಿತ್ತಲಲ್ಲಿ ಕೂತು ಅಪ್ಪನ ಕೂಗನ್ನೇ ಕೂಗುವುದು. “ಎಲೀ... ಬಳ್ಳಿ ಎಲೀ...” ಮೊದಲು ‘ಳ’ ಬರುತ್ತಿರಲಿಲ್ಲ. ಬಂದ ದಿನ ನಿಜವಾಗಿಯೂ ಒಬ್ಬ ಹೆಣ್ಣುಮಗಳು ಎಲೆ ಕೊಳ್ಳಲು ಬಾಗಿಲಿಗೆ ಬಂದಳು. ಬಾಯಾರು ಅದನ್ನು ತಮ್ಮ ಪ್ರಶಸ್ತಿಗಳಲ್ಲಿ ಸೇರಿಸಿಕೊಂಡರು. ನಿಲ್ಲುವುದನ್ನು ಕಲಿತರು, ಎಡಗಾಲಿನ ಮೇಲೆ, ಗೋಡೆ ಹಿಡಿದು. ಆಮೇಲೆ ಮಾಲಕರನ್ನು ಕರೆಸಿ, ಹಾನಗಲ್ಲಿನ ಮೊಕ್ಕಾಮಿನಲ್ಲಿ ತಾವು ಕೋರ್ಟಿನ ದೃಶ್ಯ ಮಾಡುವುದಾಗಿ ಹೇಳಿದರು.

ಮಾಲಕರೇ ನ್ಯಾಯಾಧೀಶನ ಪಾತ್ರದವರು. ಅವರು ಕೂಡಲೇ ಒಂದು ಉಪಾಯ ಮುಂದಿಟ್ಟರು.

“ಬಾಯಾರ, ಹಳೇ ರೆಕಾರ್ಡಿಂಗ್ ಐತ್ರಿ. ಅದನ್ನ ಹಾಕ್ತೇವಿ, ನೀವು ಬರೇ ತುಟಿ ಆಡಸ್ರಿ. ಮಂದಿಗೆ ಗೊತ್ತಾಗೂದಿಲ್ಲ.”

“ನನಗ ಗೊತ್ತಾಕೈತಲ್ಲ.”

“ಕುರ್ಚಿಯರ ಹಾಕ್ತೇವ್ರಿ.”

“ಸಾಕ್ಷಿ ಹೇಳಾಕ ಬಂದಾಕಿ, ಬೀಗತನಕ್ಕ ಬಂದಾಕಿ ಅಲ್ಲ. ನಿಂತ ಹೇಳ್ತೇನಿ. ನನ್ನ ನಾಲಿಗಿಲೆ ಹೇಳ್ತೇನಿ.”

ಮಾಲಕರು ಸೋತು ನನ್ನ ಮುಖ ನೋಡಿದರು. ನನಗೆ ನನ್ನದೇ ಚಿಂತೆ. ಹಿತ್ತಲಿನ ತಾಲೀಮಿನಲ್ಲಿ ಒಂದು ದಿನ ಮಾತು ಬರುತ್ತಿತ್ತು, ಒಂದು ದಿನ ನಡುದಾರಿಯಲ್ಲಿ ಕೈಕೊಡುತ್ತಿತ್ತು. ಸನ್ನೆಯ ಕೆಲಸವನ್ನು ಎಡಗಾಲಿಗೆ ವರ್ಗಾ ಮಾಡೋಣವೇ ಎಂದು ವಿನಂತಿಸಿದೆ.

“ಅದಕ್ಕ ನನ್ನ ಹೊತ್ತು ನಿಂದ್ರೂ ಕೆಲಸ ಐತಿ,” ಎಂದರು. “ಎರಡು ಖಾತೆ ಕೊಟ್ರ ಎರಡೂ ಕೆಡಸತೈತಿ.”

“ಹಂಗಾದ್ರ ನೀವು ಮರ್ತೀರೋ, ಸುಮ್ಮನಿದ್ದೀರೋ, ಹ್ಯಾಂಗ ತಿಳೀಬೇಕ್ರಿ?”

“ಇಷ್ಟ ವರ್ಷ ನನ್ನ ಕಾಲಾಗ ಕುಂತೀ. ತಿಳೀಲಿಲ್ಲಂದ್ರ ಗಿರಣಿಗೆ ಹೋಗು, ಚೀಲ ಇನ್ನೂ ಅದಾವ.”

ಮಧ್ಯಾಹ್ನದ ಆಟ. ಹಾನಗಲ್ಲಿನ ಮಾರುಕಟ್ಟೆಗೆ ಭತ್ತ ತಂದವರು ಚೀಲಗಳನ್ನು ಬಿಟ್ಟು ಬಂದಿದ್ದರು. ಪರದೆ ಎದ್ದಾಗ ಬಾಯಾರು ಆಗಲೇ ಕಟಕಟೆಯಲ್ಲಿ ನಿಂತಿದ್ದರು, ಎಡಗೈಯಲ್ಲಿ ಅಡ್ಡಪಟ್ಟಿ ಹಿಡಿದು. ಮೊದಲ ಮಾತುಗಳು ತೊದಲಿದವು, ಆದರೂ ಬಂದವು. ನಾನು ಪ್ರತಿಯ ಸಾಲಿನ ಮೇಲೆ ಬೆರಳಿಟ್ಟು ಕೂತೆ. ಮಾಲಕರು ಕೇಳಿದರು:

“ತಾಯೀ, ಕೊಂದವನು ಇವನೇನು?”

ಬಾಯಾರು ಸುಮ್ಮನಾದರು.

ಎಂದಿನ ಹೊತ್ತು ಕಳೆಯಿತು. ಅದರಾಚೆಯೂ ಕಳೆಯಿತು. ನಾನು ಬಲಗಾಲು ನೋಡಿದೆ. ಹೆಬ್ಬೆರಳು ಯಾರೋ ಬಿಟ್ಟುಹೋದ ಸಾಮಾನಿನಂತೆ ಹಲಗೆಯ ಮೇಲೆ ಬಿದ್ದಿತ್ತು. ಮಾಲಕರು ನ್ಯಾಯಪೀಠದಿಂದ ನನಗೆ ಕೇಳುವಂತೆ ಕೆಮ್ಮಿದರು. “ಹೌದ್ರಿ” ಎಂಬ ಮಾತು ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರು ಮರೆತಿದ್ದರೆ ಅದನ್ನು ಕೊಡದ ನಾನು ಅವರನ್ನು ಊರ ಮುಂದೆ ಮುಳುಗಿಸಿದಂತೆ. ಮರೆತಿರದಿದ್ದರೆ, ಕೊಟ್ಟ ನಾನು ಹಿರೇಕೆರೂರಿನ ಮಹಾನುಭಾವನ ತಮ್ಮ.

ಆಗ ನಾನು ಆ ಉದ್ಯೋಗದಲ್ಲಿ ಎಂದೂ ಮಾಡದ್ದನ್ನು ಮಾಡಿದೆ. ಪ್ರತಿಯಿಂದ ಕಣ್ಣೆತ್ತಿ ಅವರ ಮುಖ ನೋಡಿದೆ.

ಅಷ್ಟು ವರ್ಷ ಆ ದೃಶ್ಯದ ಪಕ್ಕದಲ್ಲೇ ಕೂತವನು ಆ ಮುಖವನ್ನು ಅಲ್ಲಿ ಮೊದಲ ಸಲ ನೋಡುತ್ತಿದ್ದೆ. ಅರ್ಧ ಮುಖ ಸಡಿಲವಾಗಿ ಇಳಿಬಿದ್ದಿತ್ತು, ಅದು ತಾಯಿಯದು. ಇನ್ನರ್ಧ ಬಿಗಿದು ನಿಂತಿತ್ತು, ಅದು ಸಾಕ್ಷಿಯದು. ನಡುವೆ ಬಾಯಿ, ಯಾವ ಕಡೆಗೂ ಸೇರದೆ ಓರೆಯಾಗಿ, ಕಾಯುತ್ತಿತ್ತು. ನಾನು ಪ್ರತಿಯನ್ನು ಮುಚ್ಚಿ ಸ್ಟೂಲಿನ ಕೆಳಗಿಟ್ಟೆ.

“ಹೌದ್ರಿ.”

ಮಾತು ಸೊಟ್ಟಗಿತ್ತು. ಕೊನೆಯ ಸಾಲಿನವರೆಗೆ ಸೊಟ್ಟಗೇ ಹೋಗಿ ಮುಟ್ಟಿತು.

“ಇವನ. ನನ್ನ ಮಗ.”

ಒನ್ಸ್ ಮೋರ್ ಎಂದು ಯಾರೂ ಕೂಗಲಿಲ್ಲ. ಹಾನಗಲ್ಲಿನ ಮಂದಿಗೆ ಕೆಲವು ವಿಷಯ ತಿಳಿಯುತ್ತದೆ.

ಬಣ್ಣ ಒರೆಸುವಾಗ ತಡೆಯಲಾರದೆ ಕೇಳಿದೆ. “ಬಾಯಾರ, ಖರೇ ಹೇಳ್ರಿ. ಮರ್ತಿದ್ರೇನು?”

“ನೀ ಏನ ತಿಳಕೊಂಡಿ?”

“ಸುಮ್ಮನಿದ್ರಿ ಅಂತ.”

“ಹಂಗಾದ್ರ ಸುಮ್ಮನಿದ್ದೆ,” ಎಂದು ಖಾರದ ಪೊಟ್ಟಣಕ್ಕೆ ಎಡಗೈ ಚಾಚಿದರು.

ಮುಂದಿನ ಮಳೆಗಾಲ ಮುಗಿಯುವುದರೊಳಗೆ ಬಾಯಾರು ಸವಣೂರಿನಲ್ಲಿ ತೀರಿಕೊಂಡರು. ಪೇಪರಿನವರು, ಟೀವಿಯವರು, ಮೊಬೈಲಿನವರು ಎಲ್ಲರೂ ಆ ಮುಖವನ್ನೇ ಹಾಕಿದರು. ನಾನು ಹೋಗುವಷ್ಟರಲ್ಲಿ ಬಿಳಿಯ ಬಟ್ಟೆಯಲ್ಲಿ ಸುತ್ತಿಯಾಗಿತ್ತು. ಮುಖವೂ ಕಾಣಲಿಲ್ಲ, ಪಾದವೂ ಕಾಣಲಿಲ್ಲ. ಎರಡೂ ಹೆಬ್ಬೆರಳು ಜೋಡಿಸಿ ದಾರ ಕಟ್ಟಿದ್ದೇವೆಂದು ಅಕ್ಕನ ಮಗಳು ಹೇಳಿದಳು.

ಹಾನಗಲ್ಲಿನಲ್ಲಿ ಸಂತಾಪ ಸಭೆ ನಡೆಯಿತು. ಮಾತಾಡುವವರು ಬಹಳ ಇದ್ದರು, ಬಹಳವೇ ಮಾತಾಡಿದರು. ಕೊನೆಗೆ ನನ್ನನ್ನೂ ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದರು. ಜೀವನವಿಡೀ ಮಂದಿಗೆ ಮಾತು ಎತ್ತಿಕೊಟ್ಟವನು ಏನು ಹೇಳುತ್ತಾನೋ ಎಂದು ಸಭೆ ಕಾದು ಕೂತಿತು. ನಾನು ನಿಂತೇ ಇದ್ದೆ. ಹೊತ್ತು ಹೋಯಿತು. ಹಿಂದೆ ಕುಳಿತಿದ್ದ ಮಾಲಕರು, ಪಾಪ, ಒಳ್ಳೆಯ ಮನಸ್ಸಿನಿಂದ ಮುಂದೆ ಬಾಗಿ ಪಿಸುಗುಟ್ಟಿದರು:

“ತುಂಬಲಾರದ ನಷ್ಟ ಅನ್ರಿ... ತುಂಬಲಾರದ ನಷ್ಟ...”

ನಾನು ಚಪ್ಪಲಿ ಕಳಚಿ, ಬಲಗಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತಿ ಹಿಡಿದೆ.